ಗದ್ದೆಗಿಳಿದ ಸೈಕಲ್ಲು

ನಮ್ಮ ಅತ್ತೆ ಕುರ್ಚಿಯಿಂದ ಏಳುವಾಗ ಅವರ ಎರಡೂ ಮೊಣಕಾಲು ಹಪ್ಪಳ ಮುರಿದ ಹಾಗೆ ಸದ್ದು ಮಾಡುತ್ತಿದ್ದವು. ಅವರು ಎದ್ದರೆಂದು ಅಡುಗೆಮನೆಯಲ್ಲಿದ್ದ ನನಗೆ ತಿಳಿಯುತ್ತಿದ್ದುದೇ ಆ ಸದ್ದಿನಿಂದ. ಎದ್ದು ನಿಂತು, ಮೇಜಿನ ಅಂಚು ಹಿಡಿದು, ಒಂದಿಷ್ಟು ಸುಧಾರಿಸಿಕೊಂಡು, ಆಮೇಲೆ ಮೊಣಕಾಲುಗಳನ್ನೇ ಬೈಯುತ್ತಿದ್ದರು. "ಇವು ನನಗ ಇಬ್ಬರು ಸೊಸ್ತೇರು ಇದ್ಧಂಗ. ಒಬ್ಬಾಕಿ ಎದ್ರ ಇನ್ನೊಬ್ಬಾಕಿ ಏಳಂಗಿಲ್ಲ." ಅವರಿಗಿದ್ದ ಒಬ್ಬಳೇ ಸೊಸೆ ನಾನು. ನನಗೆ ಕೇಳಲಿ ಎಂದೇ ತುಸು ಗಟ್ಟಿಯಾಗಿ ಹೇಳುತ್ತಿದ್ದರು.

ಮಾವ ತೀರಿಕೊಂಡ ಮೇಲೆ ಅವರು ಬಾಗಲಕೋಟೆಯಿಂದ ಬಂದು ಡಚ್ಚರ ನಾಡಿನ ಬೆಸ್ಟ್ ಎಂಬ ಊರಿನಲ್ಲಿ ನಮ್ಮ ಜೊತೆ ಉಳಿದರು. ನನ್ನ ಗಂಡ ಪಕ್ಕದ ಐಂಡ್‌ಹೋವನ್‌ನಲ್ಲಿ ಚಿಪ್ ತಯಾರಿಸುವ ಯಂತ್ರಗಳ ಎಂಜಿನಿಯರ್. ನಾನು ತುಮಕೂರಿನವಳು, ಮೊದಲ ವರ್ಷ ಅತ್ತೆಯ ಅರ್ಧ ಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಅವರಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಡಚ್ಚರ ಜೊತೆಯೂ ಅವರು ಅದೇ ಬಾಗಲಕೋಟೆ ಕನ್ನಡವನ್ನೇ ಆಡುತ್ತಿದ್ದರು. ಅಂಗಡಿಯ ಹುಡುಗಿ ಬಿಲ್ಲು ಕೊಟ್ಟು ಅವಳ ಭಾಷೆಯಲ್ಲಿ ಶುಭದಿನ ಹಾರೈಸಿದರೆ, "ಹೂಂನವ್ವಾ, ನಿನಗೂ ಚಲೋ ಆಗ್ಲಿ" ಎನ್ನುತ್ತಿದ್ದರು. ಆ ಹುಡುಗಿಗೂ ಅದು ಅರ್ಥವಾಗುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಇಳಕಲ್ ಸೀರೆ, ಅದರ ಮೇಲೆ ಮೊಣಕಾಲಿನವರೆಗೆ ಬರುವ ಚಳಿಗಾಲದ ಕೋಟು, ಹಣೆಗೆ ವಿಭೂತಿ. ಇದು ಅವರ ವೇಷ. ಕೈ ಸುಮ್ಮನಿರುತ್ತಿರಲಿಲ್ಲ. ಊರಿನಲ್ಲಿ ಮೂರು ಓಣಿಯ ಹೆಂಗಸರಿಗೆ ಕುಪ್ಪಸ ಹೊಲಿದುಕೊಡುತ್ತಿದ್ದವರು. ಕಾಲಿನಲ್ಲಿ ತುಳಿಯುವ ಆ ಹೊಲಿಗೆ ಮಷಿನ್ನನ್ನು ಬಿಟ್ಟುಬಂದ ಸಂಕಟ ಅವರಿಗೆ ಮನೆ ಬಿಟ್ಟುಬಂದದ್ದಕ್ಕಿಂತ ಹೆಚ್ಚಿತ್ತು. ನಾನು ಕೊಡಿಸಿದ ಕರೆಂಟಿನ ಮಷಿನ್ನನ್ನು ಒಂದೇ ದಿನ ನೋಡಿ ಮುಚ್ಚಿಟ್ಟರು. "ಇದು ನನ್ನ ಮಾತ ಕೇಳಂಗಿಲ್ಲ, ತನ್ನಷ್ಟಕ್ಕ ತಾನ ಓಡ್ತೈತಿ" ಎಂದರು.

ಮೊಣಕಾಲಿಗೆಂದು ಇಲ್ಲಿಯ ಹೌಸ್‌ಆರ್ಟ್ಸ್ ಹತ್ತಿರ, ಅಂದರೆ ಮನೆವೈದ್ಯೆಯ ಹತ್ತಿರ, ಕರೆದುಕೊಂಡು ಹೋದೆವು. ಈ ದೇಶದ ವೈದ್ಯರು ಕೈ ಮುರಿದರೂ ಕಾಲು ಮುರಿದರೂ ಮೊದಲು ಪ್ಯಾರಾಸಿಟಮಾಲ್ ಎನ್ನುವವರು. ಆಕೆಯೂ ಹಾಗೇ ಎಂದು, ಆಮೇಲೆ ವ್ಯಾಯಾಮ ಹೇಳಿಕೊಡುವವಳ ಬಳಿ ಕಳಿಸಿದಳು. ಅವಳು ಅತ್ತೆಯ ಕಾಲನ್ನು ಎತ್ತಿ, ಮಡಚಿ, ಬಗ್ಗಿಸಿ ನೋಡಿ, ಹೆಚ್ಚು ನಡೆಯಬೇಡಿ, ದಿನಾ ಸೈಕಲ್ ತುಳಿಯಿರಿ ಎಂದಳು. ನಾನು ಅದನ್ನು ಕನ್ನಡಕ್ಕೆ ತಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. "ನಡ್ಯಾಕ ಬರದಾಕಿಗೆ ಓಡು ಅಂತಾಳೇನು? ಚಾಷ್ಟಿ ಮಾಡಾಕತ್ತಾಳೋ ನೀನೇ ಮಾಡಾಕತ್ತೀಯೋ?"

ಚೇಷ್ಟೆಯಲ್ಲ ಎಂದು ಅವರಿಗೆ ಒಪ್ಪಿಗೆಯಾದದ್ದು ಬೀದಿ ನೋಡಿ. ಕೋಲು ಊರಿಕೊಂಡು ಮನೆಯಿಂದ ಹೊರಬರುವ ಮುದುಕಿ, ಆ ಕೋಲನ್ನು ಸೈಕಲ್ಲಿಗೆ ಸಿಕ್ಕಿಸಿ, ಹತ್ತಿ, ಹುಡುಗಿಯ ಹಾಗೆ ಹೊರಟುಹೋಗುವುದನ್ನು ಅವರು ನಮ್ಮ ಕಿಟಕಿಯಿಂದಲೇ ಕಂಡರು. ಮಾರನೆಯ ಭಾನುವಾರ ನಾವು ಐಂಡ್‌ಹೋವನ್‌ನ ಹಳೆಯ ಸೈಕಲ್ಲುಗಳ ಅಂಗಡಿಯಲ್ಲಿದ್ದೆವು. ಕಪ್ಪು ಬಣ್ಣದ, ನಡುವೆ ದಂಡವಿಲ್ಲದ, ಅಜ್ಜಿಯರ ಸೈಕಲ್ಲು ಸಿಕ್ಕಿತು. ಲಂಗ ಸಿಕ್ಕಿಕೊಳ್ಳದಿರಲೆಂದು ಹಿಂದಿನ ಗಾಲಿಗೆ ಎರಡೂ ಕಡೆ ಮುಚ್ಚಿಗೆ ಇತ್ತು. ಸೀರೆಗೆ ಹೇಳಿ ಮಾಡಿಸಿದ್ದು. ಕೈಯಲ್ಲಿ ಬ್ರೇಕ್ ಇರಲಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಗಾಲಿ ನಿಲ್ಲುವ ಬಗೆಯದು, ಇಲ್ಲಿ ಅಂಥವು ಬೇಕಾದಷ್ಟು.

ಕಲಿಸಿದವಳು ನನ್ನ ಮಗಳು. ಅವಳ ಶಾಲೆಯ ಹಿಂದಿನ ಬಯಲಿನಲ್ಲಿ ಅತ್ತೆ ಹ್ಯಾಂಡಲ್ ಬಿಗಿಹಿಡಿದು ಮುಂದಿನ ಗಾಲಿಯನ್ನೇ ನೋಡುತ್ತ ಹೊರಟರೆ, ಇವಳು ಪಕ್ಕದಲ್ಲಿ ಓಡುತ್ತ, "ಅಜ್ಜಿ, ಫೋರೌಟ್ ಕೈಕೆನ್!" ಎಂದು ಕೂಗುತ್ತಿದ್ದಳು. ಮುಂದೆ ನೋಡು ಎಂದು. ಡಚ್ಚಿನಲ್ಲಿ ಅತ್ತೆ ಕಲಿತದ್ದು ಅದೊಂದೇ ಮಾತು. ಆಮೇಲೆ ಅದನ್ನು ಎಲ್ಲದಕ್ಕೂ ಬಳಸಿದರು. ನಾನು ಹಾಲು ಉಕ್ಕಿಸಿದರೂ "ಫೋರೌಟ್ ಕೈಕೆನ್ ನಮ್ಮವ್ವ" ಎನ್ನುತ್ತಿದ್ದರು. ಬೇಸಿಗೆ ಮುಗಿಯುವಷ್ಟರಲ್ಲಿ ಅವರು ಕಾಲುವೆಯ ದಾರಿಯಲ್ಲಿ ಒಬ್ಬರೇ ಹೋಗಿ ಬರತೊಡಗಿದರು. ನಮ್ಮ ಗಲ್ಲಿಯ ಕೊನೆಯವರೆಗೆ ನಡೆಯಲಾಗದವರು ಮುಂದಿನ ಊರಿನ ಸಂತೆಯಿಂದ ಮೆಂತ್ಯೆ ಸೊಪ್ಪು ತಂದರು. ದಸರೆಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಸೈಕಲ್ಲಿಗೆ ವಿಭೂತಿ ಎಳೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸಿದರು. ಎದುರುಮನೆಯವರು ಕಿಟಕಿಯ ಪರದೆ ಸರಿಸಿ ನೋಡಿದರು. ಅತ್ತೆ ಅವರಿಗೂ ಕೈ ಬೀಸಿದರು.

ಹೀಗೆ ಒಂದೆರಡು ವರ್ಷ ಕಳೆದ ಮೇಲೆ ಗಂಡನಿಗೆ ಜಪಾನಿನಲ್ಲಿ ಒಂದು ವಾರದ ಕೆಲಸ ಬಿತ್ತು. ಮಗಳಿಗೆ ಮೇ ರಜೆ ಇತ್ತು, ಕೆಲಸ ಮುಗಿದ ಮೇಲೆ ಅಲ್ಲಿಯ ಹಳೆಯ ಗುಡಿಗಳನ್ನು ನೋಡಿಬರೋಣ ಎಂದು ನಾವೂ ಹೊರಟೆವು. ನಾರಾ ಎನ್ನುವುದು ಪುರಾತನ ರಾಜಧಾನಿ, ಬುದ್ಧನ ಗುಡಿಗಳು ಊರಲ್ಲೂ ಇವೆ, ಊರಾಚೆ ಗದ್ದೆಗಳ ನಡುವೆಯೂ ಇವೆ. ಒಂದರಿಂದ ಒಂದಕ್ಕೆ ನಡೆಯುವುದು ಅತ್ತೆಗೆ ಆಗದ ಮಾತು. ಸ್ಟೇಷನ್ನಿನ ಹತ್ತಿರ ಬಾಡಿಗೆ ಸೈಕಲ್ಲು ಸಿಗುತ್ತವೆ ಎಂದು ಗೊತ್ತಾದ ದಿನ ಅವರು ಚೀಲದಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡರು. ಗಂಡನ ತಲೆಯಲ್ಲಿ ಟ್ಯಾಕ್ಸಿ ಇತ್ತು.

"ಅವ್ವಾ, ಅಲ್ಲೆ ಗಾಡಿ ಎಡಕ್ಕ ಓಡ್ತಾವು. ನೀ ಬಲಕ್ಕ ಹೋಗಿ ರೂಢಿ."

"ಐವತ್ತು ವರ್ಷ ಬಾಗಲಕೋಟ್ಯಾಗ ಎಡಕ್ಕ ಹೋಗಿಲ್ಲೇನು ನಾನು? ಅದು ನಿಮಗ ಹೊಸಾದು."

ಆದರೂ ವಿಮಾನ ಹತ್ತುವವರೆಗೂ ಎಡ ಬಲದ ಪಾಠ ನಡೆಯಿತು. ಬ್ರೇಕಿನ ಯೋಚನೆ ಮಾತ್ರ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಜಪಾನಿನ ಬಾಡಿಗೆ ಸೈಕಲ್ಲಿಗೆ ಬ್ರೇಕ್ ಇರುವುದು ಕೈಯಲ್ಲಿ. ಪೆಡಲನ್ನು ಹಿಂದಕ್ಕೆ ತುಳಿದರೆ ಅದು ಸುಮ್ಮನೆ ಗಿರ್ರನೆ ತಿರುಗುತ್ತದೆ.

ಮೊದಲ ದಿನ ಬಾತುಕೋಳಿ ಸಾಲಿನಂತೆ ಹೊರಟೆವು. ಮುಂದೆ ಗಂಡ, ಆಮೇಲೆ ಮಗಳು, ಆಮೇಲೆ ಅತ್ತೆ, ಕೊನೆಗೆ ನಾನು. ಸ್ವಲ್ಪ ದೂರ ಹೋದಾಗಲೇ ಅತ್ತೆ, "ಈ ಸೈಕಲ್ಲಿನ ಪೆಡಲ್ ಸಡ್ಲ ಆಗೈತಿ" ಎಂದರು. ಬಾಡಿಗೆ ಸೈಕಲ್ಲು ಅಲ್ಲವೇ, ಹಾಗೇ ಇರುತ್ತದೆ ಎಂದು ಗಂಡ ಮುಂದಿನಿಂದಲೇ ಕೂಗಿದರು. ಸಮನಾದ ರಸ್ತೆ, ಮೆಲ್ಲಗಿನ ಓಟ. ನಿಲ್ಲಿಸಬೇಕಾದಾಗ ಅತ್ತೆ ತುಳಿಯುವುದನ್ನು ಬಿಟ್ಟು ಕಾಲು ನೆಲಕ್ಕೆ ಊರುತ್ತಿದ್ದರು. ಎರಡು ಗುಡಿ ಹಾಗೇ ಆದವು.

ಮೂರನೆಯ ಗುಡಿ ಸಣ್ಣ ದಿಬ್ಬದ ಮೇಲಿತ್ತು. ಹತ್ತುವಾಗ ಎಲ್ಲರೂ ಸೈಕಲ್ಲು ತಳ್ಳಿದೆವು, ಅತ್ತೆಯದನ್ನು ನಾನೇ ತಳ್ಳಿದೆ. ಇಳಿಯುವಾಗ ಗಂಡ, ಮಗಳು ಮುಂದೆ ಇಳಿದುಹೋದರು. ಅತ್ತೆ ಹೊರಟರು. ಇಳಿಜಾರಿನ ಅರ್ಧದಲ್ಲಿ ಅವರ ಕಾಲು ಹಿಂದಕ್ಕೆ ತುಳಿಯುವುದು ನನಗೆ ಕಾಣಿಸಿತು. ಒಮ್ಮೆ ತುಳಿದರು, ಮತ್ತೊಮ್ಮೆ ತುಳಿದರು. ಸೈಕಲ್ಲು ಇನ್ನೂ ಜೋರಾಗಿ ಓಡಿತು. "ಕೈ! ಅತ್ತೆ, ಕೈ!" ಎಂದು ನಾನು ಅರಚಿದೆ. ಅವರು ಕೈ ಎತ್ತುತ್ತಾರೋ ಏನೋ ಎಂದು ಆಮೇಲೆ ಹೆದರಿ ಬಾಯಿ ಮುಚ್ಚಿಕೊಂಡೆ. ಕೆಳಗೆ ಕಾರುಗಳು ಓಡಾಡುವ ರಸ್ತೆ ಇತ್ತು. ಅದು ಇನ್ನೇನು ಬಂತು ಎನ್ನುವಾಗ ಅತ್ತೆ ಹ್ಯಾಂಡಲನ್ನು ಎಡಕ್ಕೆ ತಿರುಗಿಸಿ, ನಾಟಿಗೆಂದು ನೀರು ಕಟ್ಟಿದ್ದ ಗದ್ದೆಯೊಳಗೆ ಸೈಕಲ್ಲು ಸಮೇತ ಹೋಗಿಬಿಟ್ಟರು.

ನಾನು ಓಡಿಹೋಗಿ ನೋಡಿದರೆ ಕೆಸರಿನಲ್ಲಿ ಕೂತಿದ್ದಾರೆ, ಸೀರೆ ಸೊಂಟದವರೆಗೆ ಕೆಸರು, ಹಣೆಯ ವಿಭೂತಿ ಹಾಗೇ ಇದೆ. ಗಂಡ ವಾಪಸ್ಸು ಓಡಿಬಂದರು.

"ಬಿದ್ದೇನವ್ವಾ? ಎಲ್ಲೆ ಹತ್ತೈತಿ?"

"ನಾ ಬಿದ್ದಿಲ್ಲ" ಎಂದರು ಅತ್ತೆ. "ಇಳಿಸೀನಿ."

ಗದ್ದೆಯ ಯಜಮಾನ ಬಂದ. ಅತ್ತೆಯ ವಯಸ್ಸಿನವನೇ. ಅತ್ತೆ ಕೆಸರಿನಿಂದ ಎದ್ದು ಕೈ ಮುಗಿದರು. ಅವನು ಬಾಗಿದ. ಬಾಗಿದನಲ್ಲ ಎಂದು ಅತ್ತೆಯೂ ಬಾಗಿದರು. ಅವನು ಇನ್ನಷ್ಟು ಬಾಗಿದ. ಇಬ್ಬರಲ್ಲಿ ಯಾರು ಮೊದಲು ನಿಲ್ಲಿಸಬೇಕು ಎನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಅವನೇ ನಗುತ್ತ ಹೋಗಿ ನೀರಿನ ಪೈಪ್ ತಂದು, ಸೈಕಲ್ಲನ್ನೂ ಅತ್ತೆಯ ಕಾಲನ್ನೂ ತೊಳೆಯಲು ಕೊಟ್ಟ. ಅತ್ತೆಗೆ ಒಂದು ಗೀರೂ ಆಗಿರಲಿಲ್ಲ. ಗಂಡ ಮಾತ್ರ ಅಲ್ಲೇ ತೀರ್ಪು ಕೊಟ್ಟುಬಿಟ್ಟರು.

"ಸಾಕವ್ವಾ ಇನ್ನ. ನಾಳಿಗೆ ಟ್ಯಾಕ್ಸಿ. ನಿನಗೇನರ ಆಗಿದ್ರ ನಾ ಏನ್ ಮಾಡ್ಲಿ?"

ಅತ್ತೆ ಸೈಕಲ್ಲಿನ ಹ್ಯಾಂಡಲನ್ನು ಮಗನ ಕೈಗೆ ಕೊಟ್ಟುಬಿಟ್ಟರು. ಅವರು ವಾದ ಮಾಡದೆ ಸೋತದ್ದನ್ನು ನಾನು ಅದೇ ಮೊದಲು ನೋಡಿದ್ದು, ನನಗೆ ಗದ್ದೆಗಿಂತ ಅದರಿಂದಲೇ ಹೆಚ್ಚು ಗಾಬರಿಯಾಯಿತು.

ಸಂಜೆ ಉಳಿದುಕೊಂಡಿದ್ದ ಮನೆಯ ಬಚ್ಚಲಲ್ಲಿ ಇಬ್ಬರೂ ಕೂತು ಇಳಕಲ್ ಸೀರೆಯ ಕೆಸರು ತೆಗೆದೆವು. ಅವರು ಸ್ಟೂಲಿನ ಮೇಲೆ, ನಾನು ನೆಲದ ಮೇಲೆ. ಸೆರಗು ಹಿಂಡುತ್ತ ಅವರು ಇದ್ದಕ್ಕಿದ್ದ ಹಾಗೆ ಹೇಳಿದರು: "ಮದುವಿ ಆದ ಹೊಸದಾಗ ನಿಮ್ಮ ಮಾವ ನನ್ನ ಬಾದಾಮಿಯಿಂದ ಬನಶಂಕರಿಗೆ, ಪಟ್ಟದಕಲ್ಲಿಗೆ ಎಲ್ಲಾ ಸೈಕಲ್ ಮ್ಯಾಲೆ ಕರಕೊಂಡು ಹೋಗ್ಯಾರ. ಹಿಂದ ಕ್ಯಾರಿಯರ್ ಮ್ಯಾಲೆ ನಾನು. ಪಟ್ಟದಕಲ್ಲಿನ ಶಿಖರ ದೂರದಿಂದ ಹೆಂಗ ಕಾಣ್ತೈತಿ ಅಂತ ಕೇಳಿದ್ರ ನನಗ ಗೊತ್ತಿಲ್ಲ. ನಿಮ್ಮ ಮಾವನ ಅಂಗಿ ಹೆಂಗಿತ್ತು ಅಂತ ಕೇಳು, ಹೇಳ್ತೀನಿ. ಬೆನ್ನ ಮ್ಯಾಲಿನ ಬೆವರಿನ ಕಲೆ ಸುದ್ದಾ ನೆನಪೈತಿ. ಗುಡಿ ಅನ್ನೂದು ನನಗ ಕೆಳಗ ಇಳಿದ ಮ್ಯಾಲೆ ಒಮ್ಮೆಲೇ ಎದುರಿಗೆ ಬರೂದು."

ನಾನು ಸೀರೆ ಉಜ್ಜುವುದನ್ನು ನಿಲ್ಲಿಸಿದೆ.

"ಒಂದು ಗುಡಿ ದೂರದಿಂದ ಸಣ್ಣದಾಗಿ ಕಂಡು, ನಾ ತುಳಿದ್ಹಂಗ ತುಳಿದ್ಹಂಗ ದೊಡ್ಡದಾಗೂದು ನೋಡಬೇಕಂತ ಬಂದಿದ್ದೆ. ಇವತ್ತ ಮಗನ ಬೆನ್ನು, ಮೊಮ್ಮಗಳ ಬೆನ್ನು ನೋಡಿದ್ದ ಆತು. ನಾಳಿಗೆ ಟ್ಯಾಕ್ಸಿಯವನ ಬೆನ್ನು."

ಅಳಲಿಲ್ಲ, ದೂರಲೂ ಇಲ್ಲ. ಸೆರಗು ಕೊಡವಿ ಒಣಹಾಕಿದರು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಹಠ ಬಂತು.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗಂಡನಿಗೆ ಹೇಳಿದೆ, ಟ್ಯಾಕ್ಸಿ ನಿಮಗೊಬ್ಬರಿಗೇ ಕರೆಸಿಕೊಳ್ಳಿ, ನಾವು ಮೂವರೂ ಸೈಕಲ್ಲಿನಲ್ಲೇ ಬರುತ್ತೇವೆ ಎಂದು. ಅವರು ಬ್ರೇಕಿನ ಮಾತು ತೆಗೆದರು. ಕಾಲಿಗೆ ಕೂತ ರೂಢಿ ಒಂದು ದಿನದಲ್ಲಿ ಹೋಗುವುದಿಲ್ಲ, ಗಾಬರಿಯಾದಾಗ ಕಾಲು ಮತ್ತೆ ಹಿಂದಕ್ಕೇ ತುಳಿಯುತ್ತದೆ ಎಂದರು. ಅದು ನಿಜವೇ ಆಗಿತ್ತು, ನಾನು ಒಪ್ಪಿದೆ. ಹಾಗಾದರೆ ಮೊದಲು ಪರೀಕ್ಷೆ ಆಗಲಿ, ಅಂಗಡಿಯ ಅಂಗಳದಲ್ಲಿ ನೀವೇ ನೋಡಿ, ನಿಮಗೆ ಒಪ್ಪಿಗೆಯಾದರೆ ಮಾತ್ರ ರಸ್ತೆಗೆ ಎಂದು ಒಪ್ಪಂದ ಮಾಡಿಕೊಂಡೆವು.

ಆ ಸೈಕಲ್ಲಿಗೆ ಹಿಂದಿನ ಗಾಲಿಯ ಮುಚ್ಚಿಗೆಯೂ ಇರಲಿಲ್ಲ. ಅತ್ತೆ ಅದಕ್ಕೆ ಆಗಲೇ ದಾರಿ ಹುಡುಕಿದ್ದರು. ತಮ್ಮ ತಾಯಿ ಹೊಲಕ್ಕೆ ಹೋಗುವಾಗ ಉಡುತ್ತಿದ್ದ ಹಾಗೆ ಕಚ್ಚೆ ಹಾಕಿ ಸೀರೆ ಬಿಗಿದು ಬಂದಿದ್ದರು. ಅಂಗಳದಲ್ಲಿ ಮೊದಲ ಮೂರು ಸುತ್ತೂ ಕಾಲು ಹಿಂದಕ್ಕೇ ಹೋಯಿತು. ಮಗಳು "ಅಜ್ಜಿ, ಹ್ಯಾಂಡ್, ಹ್ಯಾಂಡ್!" ಎನ್ನುತ್ತ ಹಿಂದೆ ಓಡಿದಳು. ಗಂಡ ಕೈ ಕಟ್ಟಿ ನಿಂತಿದ್ದರು. ನಾಲ್ಕನೆಯ ಸುತ್ತಿಗೆ ಮೊದಲು ಅತ್ತೆ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿಸಿ, ಮೇಲೆ ಕೂತು, ಸುಮ್ಮನೆ ಪೆಡಲ್ ತುಳಿದು ನೋಡಿದರು. ಗಾಲಿ ನಿಂತಲ್ಲೇ ತಿರುಗಿತು. ಕೈಯಲ್ಲಿ ಬ್ರೇಕ್ ಒತ್ತಿದರು, ನಿಂತಿತು. ಮತ್ತೆ ತುಳಿದರು, ಮತ್ತೆ ಒತ್ತಿದರು. ಮುಖ ಅರಳಿತು.

"ಅಯ್ಯ, ಇದು ನನ್ನ ಹೊಲಿಗಿ ಮಷಿನ್ ಇದ್ಧಂಗ! ಕಾಲು ಓಡಸ್ತೈತಿ, ಕೈ ನಿಲ್ಲಸ್ತೈತಿ. ಹಿಂದಕ್ಕ ತುಳದ್ರ ದಾರ ಹರೀತೈತಿ."

ಕಾಲಿನ ಮಷಿನ್ನನ್ನು ನೋಡಿದವರಿಗೆ ಇದು ಗೊತ್ತು. ಬಟ್ಟೆಯ ಕೊನೆ ಬಂದಾಗ ಬಲಗೈಯನ್ನು ಮೇಲಿನ ಗಾಲಿಯ ಮೇಲೆ ಇಟ್ಟು ನಿಲ್ಲಿಸುತ್ತಾರೆ. ಕಾಲು ಹಿಂದುಮುಂದಾದರೆ ದಾರ ಸಿಕ್ಕಾಗಿ ಹರಿದುಹೋಗುತ್ತದೆ. ಅತ್ತೆಯ ಕಾಲು ಬೆಸ್ಟ್‌ಗೆ ಬಂದು ಕಲಿತದ್ದು ಮೊನ್ನೆ ಮೊನ್ನೆ, ಮಷಿನ್ನಿನ ಪಾಠ ಅದರ ಕೆಳಗೆ ಐವತ್ತು ವರ್ಷದಿಂದ ಕೂತಿತ್ತು. ಮುಂದಿನ ಸುತ್ತಿನಲ್ಲಿ ಅವರು "ದಾರ, ದಾರ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಬಂದು, ಗಂಡನ ಕಾಲಬುಡದಲ್ಲಿ ಕೈಯಿಂದಲೇ ನಿಲ್ಲಿಸಿದರು. ಗಂಡ ಬೇಕೆಂದೇ ತಟ್ಟನೆ ಸೈಕಲ್ಲಿನ ಎದುರು ಹೋಗಿ ನಿಂತು ನೋಡಿದರು. ಆಗಲೂ ಅತ್ತೆ ನಿಲ್ಲಿಸಿದರು. ಅಂಗಡಿಯವನು ಚಪ್ಪಾಳೆ ತಟ್ಟಿದ. ಗಂಡ ತಲೆ ಕೆರೆದುಕೊಂಡು, "ನಡೀರಿ ಹಂಗಾದ್ರ" ಎಂದು ತಮ್ಮ ಸೈಕಲ್ಲಿನ ಕಡೆ ಹೋದರು.

"ತಡಿಯೋ" ಎಂದರು ಅತ್ತೆ. "ಇವತ್ತ ನನ್ನ ಮುಂದ ಯಾರೂ ಬ್ಯಾಡ."

ಗಂಡ ನನ್ನ ಕಡೆ ನೋಡಿದರು. ನಾನು ಹಿಂದೆ ಬನ್ನಿ ಎಂದು ಕಣ್ಣಿನಲ್ಲೇ ಹೇಳಿದೆ. ಬಂದರು.

ಆ ದಿನದ ಗುಡಿ ಊರಾಚೆ, ಗದ್ದೆಗಳ ನಡುವೆ ಇತ್ತು. ಕಾರು ಬಾರದ ಕಿರುದಾರಿ, ಎರಡೂ ಕಡೆ ನೀರು ಕಟ್ಟಿದ ಗದ್ದೆ. ದೂರದಲ್ಲಿ ಒಂದರ ಮೇಲೊಂದು ಮಾಡು ಹೊತ್ತ ಎರಡು ಗೋಪುರಗಳು ಮರಗಳ ಮೇಲೆ ಬೆರಳಿನಷ್ಟು ಕಾಣುತ್ತಿದ್ದವು. ಅತ್ತೆ ಹ್ಯಾಂಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟರು. ನಾವು ಮೂವರೂ ಹಿಂದೆ. ಅವರು ಎಲ್ಲೂ ಅವಸರ ಮಾಡಲಿಲ್ಲ. ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತಿ ನೋಡಿ ಮುಂದೆ ಹೋದರು. ಗೋಪುರಗಳು ಮೊಳದಷ್ಟಾದವು, ಆಳೆತ್ತರವಾದವು, ಕೊನೆಗೆ ಮರಗಳನ್ನು ಮೀರಿ ಮೇಲೆದ್ದವು. ಅತ್ತೆಯ ಮುಖ ನನಗೆ ಕಾಣಲಿಲ್ಲ. ನಾನು ಕಂಡದ್ದು ಕಚ್ಚೆ ಬಿಗಿದ ಬೆನ್ನು ಮಾತ್ರ. ಅದೂ ನನಗೆ ಸಾಕಾಗಿತ್ತು.

ಗುಡಿಯ ಬಾಗಿಲಿನಲ್ಲಿ ಕೈಯಿಂದ ನಿಲ್ಲಿಸಿ, ಇಳಿದು, ಸೈಕಲ್ಲಿಗೆ ವಿಭೂತಿ ಎಳೆದರು. ಒಳಗೆ ಕಪ್ಪಗೆ ಮಿರುಗುವ ದೊಡ್ಡ ಬುದ್ಧ ಪದ್ಮಾಸನದಲ್ಲಿ ಕೂತಿದ್ದ. ರೋಗ ವಾಸಿಮಾಡುವ ಬುದ್ಧ ಎಂದು ಮಗಳು ಫಲಕ ಓದಿ ಹೇಳಿದಳು. ಅತ್ತೆ ಬಹಳ ಹೊತ್ತು ಕೈ ಮುಗಿದು ನಿಂತರು. ಮೊಣಕಾಲಿನ ಬಗ್ಗೆ ಕೇಳಿಕೊಂಡಿರಾ ಎಂದು ನಾನು ಕೆಣಕಿದೆ.

"ಅವನೇ ಸಾವಿರ ವರ್ಷದಿಂದ ಚಕ್ಕಳಮಕ್ಕಳ ಹಾಕ್ಕೊಂಡು ಕುಂತಾನ. ಎದ್ರ ಅವನ ಮೊಣಕಾಲು ನನ್ನಕ್ಕಿಂತ ಜೋರ ಸದ್ದ ಮಾಡ್ತಾವು. ಅವಂಗೇನ್ ಕೇಳೂದು?" ಎಂದರು. ಆಮೇಲೆ ಮಗನ ತೋಳು ಹಿಡಿದು, ಮೆಟ್ಟಿಲು ಇಳಿಯುತ್ತ, "ಚಂದ ಕಂಡ್ತೋ, ಭಾಳ ಚಂದ ಕಂಡ್ತು" ಎಂದು ಎರಡು ಸಲ ಹೇಳಿದರು. ಗಂಡನ ಕಣ್ಣು ಒದ್ದೆಯಾಗಿತ್ತು. ನಾನು ನೋಡದವಳ ಹಾಗೆ ಮಗಳ ಜಡೆ ಸರಿಮಾಡಿದೆ.

ಬೆಸ್ಟ್‌ಗೆ ವಾಪಸ್ಸು ಬಂದ ಮೇಲೂ ಅವರು ತಮ್ಮ ಕಪ್ಪು ಸೈಕಲ್ಲಿನಲ್ಲಿ ಕಾಲುವೆ ದಾರಿಗೆ ಹೋಗುತ್ತಿದ್ದರು. ಕಾಲು ಮತ್ತೆ ಹಿಂದಕ್ಕೆ ತುಳಿಯುವುದಕ್ಕೆ ಹೊಂದಿಕೊಂಡಿತು. ನನ್ನಲ್ಲೂ ಕೆಲವು ಸಂಗತಿ ಬದಲಾದವು. ಡಚ್ ಬಾರದೆಂದು ಎಲ್ಲ ಕಚೇರಿಗೂ ಗಂಡನನ್ನು ಮುಂದೆ ಮಾಡಿಕೊಂಡು ಹೋಗುತ್ತಿದ್ದವಳು, ನಗರಸಭೆಗೂ ಮಗಳ ಶಾಲೆಗೂ ಒಬ್ಬಳೇ ಹೋಗತೊಡಗಿದೆ. ಒಡಕು ಡಚ್ಚಿನಲ್ಲೇ ಕೆಲಸ ಹುಡುಕಿದೆ, ಸಿಕ್ಕಿತು. ಅದನ್ನು ಹೇಳಿದಾಗ ಅತ್ತೆ ಹಿಟ್ಟು ಕಲಸುತ್ತ, "ಸಿಗಲಾರದ ಏನ್ ಮಾಡ್ತೈತಿ" ಎಂದರು ಅಷ್ಟೆ. ಅಮ್ಮ ನನ್ನನ್ನು ಹೆತ್ತಳು, ಒಬ್ಬಳೇ ರಸ್ತೆಗಿಳಿಯಲು ಕಲಿಸಿದವರು ಇವರು.

ಕಳೆದ ಚಳಿಗಾಲ ಅವರ ಹೃದಯ ಕೈಕೊಟ್ಟಿತು. ಐಂಡ್‌ಹೋವನ್‌ನ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದರು. ಕೊನೆಯ ಮಧ್ಯಾಹ್ನ ನನ್ನ ಎರಡು ಬೆರಳು ಹಿಡಿದುಕೊಂಡು, ಒತ್ತಿ, ಬಿಟ್ಟು, ಮತ್ತೆ ಒತ್ತಿ, "ಬ್ರೇಕ್ ಚಲೋ ಐತಿ" ಎಂದು ನಕ್ಕರು. ನಾನೂ ನಕ್ಕೆ. ಸಂಜೆ ಹೋದರು.

ನಮ್ಮಲ್ಲಿ ಮಣ್ಣು ಮಾಡುವುದು ಪದ್ಧತಿ. ಬೆಸ್ಟ್‌ನ ಸ್ಮಶಾನ ಸಾಲುಮರಗಳ ದೊಡ್ಡ ತೋಟದ ಹಾಗಿದೆ. ಇಲ್ಲಿ ಶವಪೆಟ್ಟಿಗೆಯನ್ನು ಗಾಲಿಗಾಡಿಯ ಮೇಲೆ ಇಟ್ಟು, ಮನೆಯವರು ತಳ್ಳಿಕೊಂಡು ಹೋಗುತ್ತಾರೆ. ಅಂತ್ಯಕ್ರಿಯೆ ನಡೆಸಿಕೊಡುವವನು ಕರಿಯ ಕೋಟು ತೊಟ್ಟು, ಟೋಪಿ ಕೈಯಲ್ಲಿ ಹಿಡಿದು, ಎಲ್ಲರಿಗಿಂತ ಮುಂದೆ ನಡೆಯುತ್ತಾನೆ. ಅದು ಇಲ್ಲಿಯ ಗೌರವ. ನಮ್ಮ ಕಡೆಯಾದರೆ ಮಗ ಮುಂದೆ ನಡೆಯಬೇಕು. ಆ ಮನುಷ್ಯ ಬಂದು ಗಾಡಿಯ ಮುಂದೆ ನಿಂತು, ನೀವೂ ನನ್ನ ಪಕ್ಕದಲ್ಲಿ ಬನ್ನಿ ಎಂದು ಗಂಡನನ್ನು ಕರೆದ.

ಗಂಡ ಅವನ ಬಳಿ ಹೋಗಿ, ಭುಜ ಮುಟ್ಟಿ, ಡಚ್ಚಿನಲ್ಲಿ ಮೆಲ್ಲಗೆ ಹೇಳಿದರು, ದಯವಿಟ್ಟು ನೀವು ಹಿಂದೆ ಬನ್ನಿ, ನಾನೂ ಹಿಂದೆಯೇ ಬರುತ್ತೇನೆ ಎಂದು. ಅವನಿಗೆ ಅರ್ಥವಾಗಲಿಲ್ಲ, ದಾರಿ ತೋರಿಸುವವರು ಯಾರು ಎಂದು ಕೇಳಿದ.

"ನಮ್ಮವ್ವನ ಮುಂದ ಯಾರೂ ಬ್ಯಾಡ" ಎಂದರು ಗಂಡ. ಅದನ್ನು ಕನ್ನಡದಲ್ಲೇ ಹೇಳಿದರು.

ಅವನು ಟೋಪಿ ಎದೆಗೆ ಒತ್ತಿಕೊಂಡು, ಪಕ್ಕಕ್ಕೆ ಸರಿದು ಹಿಂದೆ ಬಂದ. ಮರಗಳ ನಡುವಿನ ದಾರಿ ಕೊನೆಯವರೆಗೂ ತೆರೆದು ಕಾಣುತ್ತಿತ್ತು. ನಾವೆಲ್ಲರೂ ಹಿಂದಿನಿಂದ ಮೆಲ್ಲಗೆ ತಳ್ಳಿದೆವು.